ವಾಡೆಯ ದೀಪ ಹಚ್ಚಿದವರು ಯಾರು? ರಹಸ್ಯ ಕಾದಂಬರಿಯೊಂದರ ಪೂರಕ ಓದಿನ ಪಾಠ

ಒಂಬತ್ತನೆಯ ತರಗತಿಯ ಪೂರಕ ಓದಿಗೆ ದೆವ್ವದ ಮನೆಯ ಕಥೆಯೊಂದನ್ನು ಆರಿಸಿಕೊಂಡರೆ ಮಕ್ಕಳನ್ನು ಪಾಠಕ್ಕೆ ಎಳೆದು ತರುವ ಕಷ್ಟ ಇರುವುದಿಲ್ಲ. ವಿಷಯಪ್ರವೇಶಕ್ಕಾಗಿ ಚಿತ್ರಪಟ, ಒಗಟು ಎಂದು ಪರದಾಡಬೇಕಿಲ್ಲ. ಕಷ್ಟ ಆಮೇಲೆ ಶುರುವಾಗುತ್ತದೆ. ಒಂದೋ ಕಥೆಯ ರಭಸದಲ್ಲಿ ಪಾಠ ಕೊಚ್ಚಿಹೋಗುತ್ತದೆ, ಇಲ್ಲವೇ ಕೊನೆಯ ಹತ್ತು ನಿಮಿಷ ಮೂಢನಂಬಿಕೆಯ ಮೇಲಿನ ಭಾಷಣವಾಗಿ ಮುಗಿಯುತ್ತದೆ. ಅಭ್ಯಾಸ ಬೋಧನೆಯ ಅವಲೋಕನದಲ್ಲಿ ಈ ಎರಡನ್ನೂ ಮತ್ತೆ ಮತ್ತೆ ನೋಡಿದ ಮೇಲೆ, ಇಂಥ ಕಾದಂಬರಿಯನ್ನು ಹೇಗೆ ಪಾಠ ಮಾಡಬಹುದು ಎಂಬುದನ್ನು ಹೊರ್ತಿಯ ಪ್ರೌಢಶಾಲೆಯೊಂದರಲ್ಲಿ ನಾಲ್ಕು ಅವಧಿಗಳಲ್ಲಿ ಮಾಡಿ ನೋಡಿದೆವು. ಅದರ ವಿವರ ಇಲ್ಲಿದೆ. ಕನ್ನಡ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದಾದರೂ ಇಂಗ್ಲಿಷ್ ಪದ್ಧತಿಯವರಿಗೂ ಉಪಯೋಗವಾದೀತು.

ಆರಿಸಿಕೊಂಡ ಕೃತಿ ಆರ್ಥರ್ ಕಾನನ್ ಡಾಯ್ಲ್ ಬರೆದ ‘ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’. ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿ ಎನ್ನಬಹುದು. ಲಂಡನ್ನಿನ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ ಧಾರಾವಾಹಿಯಾಗಿ ಬಂದದ್ದು. ಒಟ್ಟು 15 ಅಧ್ಯಾಯ. ಡಾಯ್ಲ್ 1930ರಲ್ಲಿ ತೀರಿಕೊಂಡರು. ನಮ್ಮ ದೇಶದ ಕಾಯದೆಯಂತೆ ಲೇಖಕರ ಮರಣಾನಂತರ 60 ವರ್ಷ ನಡೆಯುವ ಹಕ್ಕುಸ್ವಾಮ್ಯ ಇದಕ್ಕೆ ಮುಗಿದಿದೆ. ಆದ್ದರಿಂದ ಪ್ರಶಿಕ್ಷಣಾರ್ಥಿಗಳು ತಾವೇ ಸರಳ ಕನ್ನಡದಲ್ಲಿ ಸಂಗ್ರಹಿಸಿ ಬರೆದು, ಪ್ರತಿ ಮಾಡಿ ಮಕ್ಕಳಿಗೆ ಹಂಚಲು ಅಡ್ಡಿಯಿಲ್ಲ. ನಾವು ಮಾಡಿದ್ದೂ ಹಾಗೆಯೇ. ಎಂಟು ಪುಟದ ಸಂಗ್ರಹ, ಅವಧಿಗೆ ಎರಡು ಪುಟ.

ಕಥೆಯನ್ನು ಪಾಠ ಮಾಡುವವರು ಪೂರ್ತಿ ತಿಳಿದಿರಬೇಕು, ಮಕ್ಕಳು ತಿಳಿದಿರಬಾರದು. ಆದ್ದರಿಂದ ಇಲ್ಲಿ ಎಲ್ಲವನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟ್‌ಮೂರ್ ಬಯಲಿನ ಅಂಚಿನಲ್ಲಿ ಬಾಸ್ಕರ್‌ವಿಲ್ ಹಾಲ್ ಎಂಬ ಹಳೆಯ ದೊಡ್ಡ ಮನೆ. ಮನೆತನದ ಹಿರಿಯ ಹ್ಯೂಗೋ ಎಂಬವನು ಒಬ್ಬ ಹುಡುಗಿಯನ್ನು ಹೊತ್ತೊಯ್ದು ಕೂಡಿಹಾಕಿದ್ದ, ಅವಳು ತಪ್ಪಿಸಿಕೊಂಡಾಗ ಬೆನ್ನಟ್ಟಿ ಹೋದ, ಬಯಲಿನಲ್ಲಿ ಒಂದು ನರಕದ ನಾಯಿ ಅವನನ್ನು ಕೊಂದಿತು, ಅಂದಿನಿಂದ ಅದು ಆ ವಂಶವನ್ನು ಕಾಡುತ್ತಿದೆ ಎಂದು 1742ರ ಒಂದು ಹಸ್ತಪ್ರತಿ ಹೇಳುತ್ತದೆ. ಈಗಿನ ಯಜಮಾನ ಸರ್ ಚಾರ್ಲ್ಸ್ ಒಂದು ರಾತ್ರಿ ಮನೆಯ ಹೊರಗಿನ ಮರಗಳ ಸಾಲಿನ ದಾರಿಯಲ್ಲಿ ಸತ್ತು ಬಿದ್ದಿದ್ದಾನೆ. ಮೈಮೇಲೆ ಒಂದು ಗಾಯವೂ ಇಲ್ಲ. ವಾರಸುದಾರ ಹೆನ್ರಿ ಪರದೇಶದಿಂದ ಬರುತ್ತಾನೆ. ಪತ್ತೇದಾರ ಷೆರ್ಲಾಕ್ ಹೋಮ್ಸ್ ತನ್ನ ಗೆಳೆಯ ವಾಟ್ಸನ್ನನನ್ನು ಅವನ ಜೊತೆ ಕಳಿಸುತ್ತಾನೆ. ಕೊನೆಗೆ ತಿಳಿಯುವುದು ಇಷ್ಟು: ನೆರೆಯಲ್ಲೇ ಚಿಟ್ಟೆ ಹಿಡಿಯುತ್ತ ಓಡಾಡುವ ಸ್ಟೇಪಲ್‌ಟನ್ ಎಂಬಾತ ಅದೇ ವಂಶದವನು, ಹೆಸರು ಬದಲಿಸಿಕೊಂಡಿದ್ದಾನೆ. ಆಸ್ತಿಗಾಗಿ ಒಂದು ದೊಡ್ಡ ನಾಯಿಯನ್ನು ಕೊಂಡು ತಂದು ಹುದಲಿನ ನಡುವಿನ ದಿಬ್ಬದಲ್ಲಿ ಬಚ್ಚಿಟ್ಟು, ಅದರ ಮುಖಕ್ಕೆ ರಂಜಕ ಬಳಿದು ಬಿಡುತ್ತಿದ್ದ.

ಪ್ರಶಿಕ್ಷಣಾರ್ಥಿಗಳು ಈ ಬಗೆಯ ಕಥೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು, ತರಗತಿಯಲ್ಲಿ ಹೇಳಲಿಕ್ಕಲ್ಲ. ಹಾಳು ಕೋಟೆ, ಶಾಪ, ಮುಚ್ಚಿದ ಕೋಣೆ, ಅಲ್ಲಿ ಸಿಕ್ಕಿಬಿದ್ದ ಹೆಣ್ಣು, ಇವುಗಳಿಂದ ಕಟ್ಟಿದ ಕಾದಂಬರಿಗೆ ಗಾಥಿಕ್ ಎನ್ನುತ್ತಾರೆ. ಹೊರೇಸ್ ವಾಲ್ಪೋಲನ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ (1764) ಅದರ ಮೊದಲನೆಯದು. ಮದುವೆಯ ದಿನ ಆಕಾಶದಿಂದಲೋ ಎಂಬಂತೆ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಮದುಮಗ ಅಪ್ಪಚ್ಚಿಯಾಗುವುದರಿಂದ ಅದು ಶುರುವಾಗುತ್ತದೆ. ವಾಲ್ಪೋಲ್ ಮೊದಲು ಅದನ್ನು ಹಳೆಯ ಇಟಾಲಿಯನ್ ಪುಸ್ತಕದ ಅನುವಾದವೆಂದು ಸುಳ್ಳು ಹೇಳಿ ಪ್ರಕಟಿಸಿದ. ‘ಹಳೆಯ ಕಾಗದದಲ್ಲಿ ಬರೆದಿದೆ’ ಎಂದರೆ ಜನ ನಂಬುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು, 1742ರ ಹಸ್ತಪ್ರತಿಯನ್ನು ಕಥೆಯೊಳಗೆ ಇಟ್ಟ ಡಾಯ್ಲ್‌ಗೂ ಗೊತ್ತಿತ್ತು. ಮೂವತ್ತು ವರ್ಷದ ನಂತರ ಆನ್ ರ‍್ಯಾಡ್‌ಕ್ಲಿಫ್ ‘ದ ಮಿಸ್ಟರೀಸ್ ಆಫ್ ಉಡಾಲ್ಫೊ’ (1794) ಬರೆದಳು. ವಾಲ್ಪೋಲ್ ದೆವ್ವವನ್ನು ದೆವ್ವವಾಗಿಯೇ ಬಿಟ್ಟರೆ, ಈಕೆ ಓದುಗರನ್ನು ಹೆದರಿಸಿ ಹೆದರಿಸಿ ಕೊನೆಗೆ ಪ್ರತಿಯೊಂದಕ್ಕೂ ಮನುಷ್ಯರ ಕಾರಣ ಕೊಟ್ಟಳು. ಡಾಯ್ಲ್ ಹಿಡಿದದ್ದು ರ‍್ಯಾಡ್‌ಕ್ಲಿಫ್‌ಳ ದಾರಿ. ಪಾಠಕ್ಕೆ ಈ ದಾರಿಯ ಕೃತಿಯೇ ಬೇಕು. ಏಕೆಂದರೆ ಕೊನೆಯಲ್ಲಿ ಕಾರಣ ಸಿಗುವ ಕಥೆಯಲ್ಲಿ ಮಾತ್ರ ಮಕ್ಕಳು ಹಿಂದಕ್ಕೆ ಹೋಗಿ ‘ನಾವು ಎಲ್ಲಿ ಮೋಸಹೋದೆವು’ ಎಂದು ಪುಟ ತಿರುವಬಹುದು.

ಇನ್ನು ಶಬ್ದಗಳ ಮಾತು. ಸಂಗ್ರಹ ಬರೆಯುವಾಗ ಮೊದಲ ಕರಡಿನಲ್ಲಿ ಬಾಸ್ಕರ್‌ವಿಲ್ ಹಾಲ್ ‘ಬಂಗಲೆ’ ಆಗಿತ್ತು, ಇನ್ನೊಬ್ಬರ ಕರಡಿನಲ್ಲಿ ‘ಅರಮನೆ’. ಬಂಗಲೆ ಎಂದರೆ ನಮ್ಮ ಮಕ್ಕಳಿಗೆ ಹೊಸ ಮನೆ, ಗಾಜಿನ ಕಿಟಕಿ, ಮುಂದೆ ಕಾರು. ಅರಮನೆ ಎಂದರೆ ರಾಜ. ಎರಡೂ ಹೊಂದುವುದಿಲ್ಲ. ಹೊಲ, ಒಕ್ಕಲು, ಆಳುಕಾಳು, ತಲೆಮಾರುಗಳ ಹೆಸರು, ಇವನ್ನೆಲ್ಲ ಹೊತ್ತು ಊರ ಮೇಲೆ ನೆರಳು ಚೆಲ್ಲುವ ಮನೆಗೆ ನಮ್ಮ ಕಡೆ ವಾಡೆ ಎನ್ನುತ್ತೇವೆ. ದೇಸಗತಿಯವರದೋ ಗೌಡರದೋ ಇನಾಮದಾರರದೋ ವಾಡೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎಷ್ಟೋ ಊರಲ್ಲಿದೆ. ದೊಡ್ಡ ಬಾಗಿಲು, ಅದರೊಳಗೆ ಬಗ್ಗಿ ಹೋಗುವ ದಿಡ್ಡಿ ಬಾಗಿಲು, ಪಡಸಾಲೆ, ಕತ್ತಲ ನಡುಮನೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿವ ಒಂದು ಕೋಲು ಬಿಸಿಲು, ನೆಲದೊಳಗಿನ ಹಗೇವು, ಹಿತ್ತಿಲ ಬಾವಿ. ‘ವಾಡೆ’ ಎಂದ ಕೂಡಲೇ ತರಗತಿಯ ಮುಖವೇ ಬದಲಾಯಿತು. ಅದೇ ರೀತಿ ‘ಮೂರ್’ ಎಂಬುದನ್ನು ನಾವು ಮಡ್ಡಿ ಎಂದೆವು. ಬೆಳೆ ಬಾರದ, ಗಿಡ ನಿಲ್ಲದ, ಗಾಳಿಗೆ ಬಯಲಾದ ಎತ್ತರದ ನೆಲ. ಡಾರ್ಟ್‌ಮೂರ್‌ನಲ್ಲಿ ಮಳೆ, ಮಂಜು ಹೆಚ್ಚು, ನಮ್ಮ ಮಡ್ಡಿಯಲ್ಲಿ ಬಿಸಿಲು. ಆ ವ್ಯತ್ಯಾಸವನ್ನು ಒಂದು ಮಾತಿನಲ್ಲಿ ಹೇಳಿದರೆ ಸಾಕು. ಕಾಲಿಟ್ಟರೆ ಎಳೆದುಕೊಳ್ಳುವ ಗ್ರಿಂಪೆನ್ ಕೆಸರಿಗೆ ಹುದಲು ಎಂಬ ಶಬ್ದವನ್ನು ಮಕ್ಕಳೇ ಕೊಟ್ಟರು. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಎತ್ತಿನ ಬಂಡಿ ಹೂತುಹೋದದ್ದನ್ನು ನೋಡಿದವರಿಗೆ ಅದರ ಮುಂದಿನ ವಿವರಣೆ ಬೇಕಾಗಲಿಲ್ಲ.

ಹಾಗಾದರೆ ಇಡೀ ಕಥೆಯನ್ನೇ ಹೊರ್ತಿಯ ವಾಡೆಗೆ ತಂದರೇನು ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ರೂಪಾಂತರ ನಮ್ಮ ನೆಲಕ್ಕೆ ಹೊಸದಲ್ಲ. ಬಾಗಲಕೋಟೆಯ ಕೆರೂರ ವಾಸುದೇವಾಚಾರ್ಯರು ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕನನ್ನು ‘ಸುರತ ನಗರದ ಶ್ರೇಷ್ಠಿ’ಯಾಗಿ ಮಾಡಿದ್ದರು. ಆದರೂ ಈ ಪಾಠಕ್ಕೆ ನಾನು ಬೇಡ ಎಂದೆ. ನಾಟಕದ ಸೂರತ್ ನಮ್ಮಿಂದ ದೂರ. ಹೊರ್ತಿಯ ಇಲ್ಲವೇ ಪಕ್ಕದ ಹಳ್ಳಿಯ ವಾಡೆ ಎಂದ ಕೂಡಲೇ ಮಕ್ಕಳು ಅದು ಯಾರ ವಾಡೆ ಎಂದು ಕೇಳುತ್ತಾರೆ, ಹ್ಯೂಗೋನ ಪಾಪ ಇಂದಿನ ಯಾವುದೋ ಮನೆಯವರ ತಲೆಗೆ ಬರುತ್ತದೆ. ಅದಕ್ಕೇ ನೆಲದ ಶಬ್ದಗಳನ್ನು ನಮ್ಮವನ್ನೇ ಬಳಸಿ, ಊರನ್ನು ಡೆವನ್ನಿನಲ್ಲೇ ಬಿಟ್ಟೆವು. ದೂರದ ವಾಡೆಯ ಬಗ್ಗೆ ಮಕ್ಕಳು ಧೈರ್ಯವಾಗಿ ಯೋಚಿಸುತ್ತಾರೆ.

ಮೊದಲ ಅವಧಿಯಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬಾರದು: ‘ದೆವ್ವ ಇದೆಯೋ ಇಲ್ಲವೋ?’ ಬೇರೊಂದು ತರಗತಿಯಲ್ಲಿ ಇದನ್ನೇ ಪೀಠಿಕಾ ಪ್ರಶ್ನೆಯಾಗಿ ಕೇಳಿದ್ದನ್ನು ನೋಡಿದ್ದೇನೆ. ತರಗತಿ ಎರಡು ಪಾಳಿಯಾಯಿತು, ಹನ್ನೆರಡು ನಿಮಿಷ ಹೋಯಿತು, ಹೆದರುವ ಮಕ್ಕಳು ಬಾಯಿ ಮುಚ್ಚಿದರು, ಹೆದರುವುದಿಲ್ಲ ಎಂದು ತೋರಿಸಬೇಕಾದವರು ಕೂಗಾಡಿದರು. ಓದು ನಡೆಯಲೇ ಇಲ್ಲ. ಆ ಪ್ರಶ್ನೆಗೆ ಪಠ್ಯದಲ್ಲಿ ಉತ್ತರ ಹುಡುಕುವ ದಾರಿಯಿಲ್ಲ. ಭಾಷಾ ತರಗತಿಯಲ್ಲಿ ಪಠ್ಯದೊಳಗೆ ಕೈಹಾಕಿ ಉತ್ತರ ತೆಗೆಯಬಹುದಾದ ಪ್ರಶ್ನೆ ಬೇಕು.

ಅದಕ್ಕೆ ಬದಲಾಗಿ ಕಪ್ಪು ಹಲಗೆಯ ಮೇಲೆ ಮೂರು ಗೆರೆ ಎಳೆದು ಮೂರು ಅಂಕಣ ಮಾಡಿಸಿದೆವು. ಕಂಡದ್ದು, ಕೇಳಿದ್ದು, ಊಹಿಸಿದ್ದು. ಎರಡನೆಯ ಮತ್ತು ಮೂರನೆಯ ಅಧ್ಯಾಯದ ಸಂಗ್ರಹವನ್ನು ಗಟ್ಟಿವಾಚನ ಮಾಡಿ, ಆಮೇಲೆ ಮೌನವಾಚನಕ್ಕೆ ಬಿಟ್ಟು, ಪ್ರತಿಯೊಂದು ಸಂಗತಿಯನ್ನೂ ಯಾವ ಅಂಕಣಕ್ಕೆ ಹಾಕಬೇಕೆಂದು ಮಕ್ಕಳನ್ನೇ ಕೇಳಿದ್ದು. ಹ್ಯೂಗೋನನ್ನು ಕೊಂದ ನಾಯಿ? ‘ಕಂಡದ್ದು’ ಎಂದರು ಹಲವರು, ಅವನ ಜೊತೆಗಾರರು ಕಂಡಿದ್ದಾರಲ್ಲ ಎಂದು. ಆದರೆ ಕಂಡೆ ಎಂದು ಹೇಳುತ್ತಿರುವವರು ಯಾರು? 1742ರಲ್ಲಿ ಬರೆದವನು, ತನ್ನ ತಂದೆಯಿಂದ ಕೇಳಿದವನು, ಆ ತಂದೆ ತನ್ನ ತಂದೆಯಿಂದ ಕೇಳಿದವನು. ಅದು ಎರಡನೆಯ ಅಂಕಣಕ್ಕೆ ಹೋಯಿತು. ಡಾಕ್ಟರ್ ಮಾರ್ಟಿಮರ್ ನೋಡಿದ ನಾಯಿಯ ಹೆಜ್ಜೆ ಗುರುತು? ಅದನ್ನು ಅವನೇ ಕಣ್ಣಾರೆ ನೋಡಿದ್ದಾನೆ, ಮೊದಲ ಅಂಕಣ. ಆದರೆ ಅದು ನರಕದ ನಾಯಿಯದು ಎಂಬುದು? ಮೂರನೆಯದು. ಇಲ್ಲಿ ಒಂದು ಸೂಕ್ಷ್ಮವಿದೆ, ಬಿಡಬಾರದು. ಮನೆಯ ಚಾಕರ ಬ್ಯಾರಿಮೋರ್ ವಿಚಾರಣೆಯಲ್ಲಿ ಹೆಣದ ಸುತ್ತ ಯಾವ ಗುರುತೂ ಇರಲಿಲ್ಲ ಎಂದು ಹೇಳಿದ್ದ. ಮಾರ್ಟಿಮರ್ ಗುರುತು ಕಂಡದ್ದು ಹೆಣದಿಂದ ಸುಮಾರು ಇಪ್ಪತ್ತು ಗಜ ದೂರದಲ್ಲಿ. ಇಬ್ಬರಲ್ಲಿ ಯಾರು ಸುಳ್ಳು ಹೇಳಿದರು ಎಂದು ಕೇಳಿದರೆ ಮಕ್ಕಳು ಒಬ್ಬರನ್ನು ಆರಿಸುತ್ತಾರೆ. ಒಂದು ನಿಮಿಷ ಕಾಯಬೇಕು. ಇಬ್ಬರೂ ಸುಳ್ಳು ಹೇಳಿಲ್ಲ, ಒಬ್ಬ ಹತ್ತಿರ ನೋಡಿದ, ಇನ್ನೊಬ್ಬ ದೂರ ನೋಡಿದ ಎಂಬುದನ್ನು ಹಿಂದಿನ ಬೆಂಚಿನ ಹುಡುಗ ಹೇಳಿದ. ಮುಂದಿನ ಬೆಂಚಿನವರು ಹೇಳಲಿಲ್ಲ, ಅದೂ ಬರೆದಿಡುವ ಮಾತು.

ಮಾರ್ಟಿಮರ್ ತಾನು ಕಂಡದ್ದನ್ನು ವಿಚಾರಣೆಯಲ್ಲಿ ಏಕೆ ಹೇಳಲಿಲ್ಲ ಎಂಬುದೂ ಒಳ್ಳೆಯ ಪ್ರಶ್ನೆ. ಅವನ ಕಾರಣ ಎರಡು. ವಿಜ್ಞಾನ ಓದಿದವನು ಊರಿನ ದೆವ್ವದ ಮಾತಿಗೆ ಒತ್ತುಕೊಟ್ಟಂತೆ ಆಗಬಾರದು. ಮತ್ತೊಂದು, ಹಾಗೆ ಹೇಳಿದರೆ ಆ ವಾಡೆಯಲ್ಲಿ ಯಾರೂ ವಾಸಕ್ಕೆ ಬರುವುದಿಲ್ಲ, ಯಜಮಾನರನ್ನೇ ನೆಚ್ಚಿಕೊಂಡ ಆ ಬಡ ಸೀಮೆಗೆ ಪೆಟ್ಟು. ಒಂದು ಮಾತು ಹೊರಗೆ ಬಿದ್ದರೆ ಒಂದು ಮನೆ ಖಾಲಿಯಾಗುತ್ತದೆ ಎಂಬುದನ್ನು ವಾಡೆ ಇರುವ ಊರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಅವಧಿಯನ್ನು ಹೊರಗೆ ಮಾಡಿದೆವು. ಇದು ನಾಲ್ಕರಲ್ಲಿ ಅತ್ಯುತ್ತಮವಾದದ್ದು, ಹೆಚ್ಚು ಹೇಳಬೇಕೆನಿಸುತ್ತದೆ. ಸರ್ ಚಾರ್ಲ್ಸ್‌ನ ಹೆಜ್ಜೆ ಗುರುತು ಬಯಲಿನ ಕಡೆಯ ಗೇಟು ದಾಟಿದ ಮೇಲೆ ಬದಲಾಗಿದೆ, ಅಲ್ಲಿಂದ ಮುಂದೆ ಅವನು ತುದಿಗಾಲಲ್ಲಿ ನಡೆದಂತಿದೆ ಎಂದು ಬ್ಯಾರಿಮೋರ್‌ನ ಹೇಳಿಕೆ. ಎಲ್ಲರೂ ಅದನ್ನು ನಂಬಿದ್ದಾರೆ. ಹೋಮ್ಸ್ ಮಾತ್ರ ಅವನು ಓಡುತ್ತಿದ್ದ ಎನ್ನುತ್ತಾನೆ. ಗುರುತು ಒಂದೇ, ಊಹೆ ಎರಡು. ಶಾಲೆಯ ನೀರಿನ ಟಾಕಿಯ ಪಕ್ಕ ಸೋರಿದ ನೀರಿಗೆ ಎರೆಮಣ್ಣು ಹದವಾಗಿ ನೆನೆದಿತ್ತು. ಅಲ್ಲಿ ಒಬ್ಬರು ನಡೆದು, ಒಬ್ಬರು ತುದಿಗಾಲಲ್ಲಿ ನಡೆದು, ಒಬ್ಬರು ಓಡಿ ತೋರಿಸಿದರು. ಉಳಿದವರು ಬೆನ್ನು ತಿರುಗಿಸಿ ನಿಂತಿದ್ದು, ಆಮೇಲೆ ಗುರುತು ನೋಡಿ ಯಾವುದು ಯಾವುದೆಂದು ಹೇಳಬೇಕು. ಮಕ್ಕಳು ಗಮನಿಸಿದ್ದು: ತುದಿಗಾಲಿನದರಲ್ಲೂ ಓಟದಲ್ಲೂ ಬೆರಳ ಕಡೆ ಆಳ, ಹಿಮ್ಮಡಿ ತೇಲು. ಆದರೆ ಓಡಿದಾಗ ಹೆಜ್ಜೆಗಳು ದೂರ ದೂರ, ಮತ್ತು ಹಿಂದಕ್ಕೆ ಮಣ್ಣು ಚಿಮ್ಮಿರುತ್ತದೆ. ಹಾಗಾದರೆ ಹೋಮ್ಸ್ ಕೇಳಬೇಕಾಗಿದ್ದುದು ಏನು? ಹೆಜ್ಜೆಗಳ ನಡುವೆ ಎಷ್ಟು ಅಂತರ ಎಂದು. ಅದನ್ನು ಅವನು ಕೇಳುವುದೇ ಇಲ್ಲ. ಷೆರ್ಲಾಕ್ ಹೋಮ್ಸ್‌ನಲ್ಲಿ ತಪ್ಪು ಹುಡುಕಿದ ಸಂತೋಷದಲ್ಲಿ ಹುಡುಗಿಯರ ಗುಂಪೊಂದು ಪೋಷಾಕಿನ ಮೇಲೆಲ್ಲ ಕೆಸರು ಮಾಡಿಕೊಂಡಿತು. ಮರುದಿನ ವಿಜ್ಞಾನ ಶಿಕ್ಷಕರು ಒತ್ತಡದ ಪಾಠಕ್ಕೆ ಇದೇ ಗುರುತುಗಳನ್ನು ಬಳಸಿಕೊಂಡರಂತೆ.

ಬೂಟಿನ ಸಂಗತಿಯನ್ನೂ ಅದೇ ಅವಧಿಗೆ ಸೇರಿಸಬಹುದು. ಲಂಡನ್ನಿನ ಹೋಟೆಲಿನಲ್ಲಿ ಹೆನ್ರಿಯ ಒಂದು ಹೊಸ ಬೂಟು ಕಳೆಯುತ್ತದೆ. ಜೋಡಿಯಲ್ಲ, ಒಂದೇ. ಒಮ್ಮೆಯೂ ಕಾಲಿಗೆ ಹಾಕದ್ದು. ಮತ್ತೆ ಅದು ಸಿಗುತ್ತದೆ. ಅಷ್ಟರಲ್ಲಿ ಹಳೆಯ ಬೂಟೊಂದು ಹೋಗುತ್ತದೆ, ಅದು ಮರಳಿ ಬರುವುದಿಲ್ಲ. ಇಷ್ಟನ್ನು ಹೇಳಿ ಸುಮ್ಮನಿರಬೇಕು. ‘ಕಳ್ಳ ಒಂದೇ ಕಾಲಿನ ಚಪ್ಪಲಿ ಯಾಕ ಒಯ್ತಾನ? ಹೊಸಾದು ಬಿಟ್ಟು ಹಳೇದು ಯಾಕ ಬೇಕಾತು?’ ಎಂದು ಮಕ್ಕಳು ತಾವೇ ಕೇಳಿಕೊಳ್ಳತೊಡಗಿದರು. ಮಾಟಕ್ಕೆ ಎಂದ ಒಬ್ಬ. ಅದನ್ನೂ ಮೂರನೆಯ ಅಂಕಣದಲ್ಲಿ ಬರೆದೆವು, ಅಳಿಸಲಿಲ್ಲ. ಬೇಟೆನಾಯಿ ಸಾಕಿದ ಮನೆಯ ಹುಡುಗ ಕೊನೆಗೆ ಹೇಳಿದ: ‘ಹೊಸಾದ್ರಾಗ ಕಾಲಿನ ವಾಸನಿ ಇರಂಗಿಲ್ರಿ ಸರ.’ ಉತ್ತರ ಅಷ್ಟೇ. ನಾಯಿಗೆ ವಾಸನೆ ಹಿಡಿಸಲು ಬೂಟು ಬೇಕಾಗಿತ್ತು. ಆಗ ‘ಮಾಟಕ್ಕೆ’ ಎಂದವನು ತಾನೇ ಎದ್ದು ಬಂದು ತನ್ನ ಸಾಲನ್ನು ಒರೆಸಿದ. ಶಿಕ್ಷಕರು ಒರೆಸಿದ್ದರೆ ಅದಕ್ಕೆ ಬೆಲೆ ಇರುತ್ತಿರಲಿಲ್ಲ. ದೆವ್ವಕ್ಕೆ ಬೂಟಿನ ವಾಸನೆ ಏಕೆ ಬೇಕು ಎಂಬ ಪ್ರಶ್ನೆಯೂ ತರಗತಿಯಿಂದಲೇ ಬಂತು, ನಾವು ಕೇಳುವ ಮೊದಲೇ.

ಮೂರನೆಯ ಅವಧಿ ಕಿಟಕಿಯ ದೀಪದ್ದು. ವಾಡೆಯಲ್ಲಿ ರಾತ್ರಿ ಹೆಂಗಸೊಬ್ಬಳು ಬಿಕ್ಕಿ ಅಳುವ ಸದ್ದು. ಕೇಳಿದರೆ ಯಾರೂ ಅತ್ತಿಲ್ಲ ಎನ್ನುತ್ತಾನೆ ಬ್ಯಾರಿಮೋರ್. ನಡುರಾತ್ರಿ ಅವನೇ ಮೆಲ್ಲಗೆ ಹೋಗಿ ಖಾಲಿ ಕೋಣೆಯ ಕಿಟಕಿಯಲ್ಲಿ ಮೇಣದ ಬತ್ತಿ ಹಿಡಿದು ನಿಲ್ಲುತ್ತಾನೆ. ದೂರದ ಮಡ್ಡಿಯಲ್ಲಿ ಇನ್ನೊಂದು ದೀಪ ಹೊತ್ತಿಕೊಳ್ಳುತ್ತದೆ. ಇದರ ಹಿಂದಿನ ಸಂಗತಿ: ಬ್ಯಾರಿಮೋರ್‌ನ ಹೆಂಡತಿಯ ತಮ್ಮ ಜೈಲಿನಿಂದ ತಪ್ಪಿಸಿಕೊಂಡ ಕೊಲೆಗಾರ, ಮಡ್ಡಿಯಲ್ಲಿ ಅಡಗಿದ್ದಾನೆ, ಅವನಿಗೆ ಊಟ ಕಳಿಸುವ ಗುರುತು ಆ ದೀಪ. ಅತ್ತವಳು ಆ ಅಕ್ಕ. ಯಜಮಾನರ ಮನೆಯಲ್ಲಿ ಚಾಕರಿಯವರಿಗೂ ಒಂದು ಬದುಕಿದೆ, ಆ ಬದುಕು ಯಜಮಾನರ ಕಣ್ಣಿಗೆ ರಹಸ್ಯವಾಗಿ ಕಾಣುತ್ತದೆ. ಕಾದಂಬರಿಯ ಈ ಭಾಗವನ್ನು ಬಹಳ ಜನ ಮುಖ್ಯ ಕಥೆಗೆ ಸಂಬಂಧವಿಲ್ಲವೆಂದು ಹಾರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಾಯಿಯ ಕಥೆಗಿಂತ ಇದು ದೊಡ್ಡದು.

ಈ ಅವಧಿಯಲ್ಲಿ ಮಾತು ಊರಿನ ಕಡೆ ಹೊರಳಿತು. ಹೊರಳದೆ ಇರುವುದಿಲ್ಲ, ಅದಕ್ಕೆ ಸಿದ್ಧರಾಗಿ ಹೋಗಬೇಕು.

‘ನಮ್ಮ ಕಡೆ ವಾಡೇದಾಗೂ ಹಂಗ ಅದ ರೀ ಅಕ್ಕೋರ, ರಾತ್ರಿ ಗೆಜ್ಜಿ ಸಪ್ಪಳ ಆಗ್ತದ.’

‘ನೀ ಕೇಳೀಯೇನಪಾ?’

‘ಇಲ್ರಿ, ನಮ್ಮ ಅಜ್ಜಿ ಹೇಳ್ಯಾಳ.’

‘ಅಜ್ಜಿ ತಾನ ಕೇಳ್ಯಾಳೇನು?’

‘ಅಕಿಗಿ ಮತ್ಯಾರೋ ಹೇಳ್ಯಾರ್ರಿ.’

ತರಗತಿ ನಕ್ಕಿತು. ಅವನೂ ನಕ್ಕ. ಪ್ರಶಿಕ್ಷಣಾರ್ಥಿ ನಗಲಿಲ್ಲ, ಎರಡನೆಯ ಅಂಕಣಕ್ಕೆ ಬರೆದರು. ಇನ್ನೊಬ್ಬ ಎದ್ದು, ಗೆಜ್ಜೆ ಸುಳ್ಳಿರಬಹುದು, ಆದರೆ ಅಮಾವಾಸ್ಯೆ ದಿನ ಒಳಗೆ ದೀಪ ಕಾಣುವುದು ಖರೆ, ತಾನೇ ನೋಡಿದ್ದೇನೆ, ಅಲ್ಲಿ ಯಾರೂ ಇರುವುದಿಲ್ಲ ಎಂದ. ಆಗ ಗೋಡೆಯ ಕಡೆ ಕುಳಿತ ಹುಡುಗಿಯೊಬ್ಬಳು ಕುಳಿತಲ್ಲಿಂದಲೇ ಸಣ್ಣ ದನಿಯಲ್ಲಿ ಹೇಳಿದಳು: ‘ಅದು ನಮ್ಮವ್ವ ಹಚ್ತಾಳ್ರಿ. ದೇವರ ಮುಂದ ದೀಪಾ ಹಚ್ಚಂತ ವಾಡೇದವ್ರು ಹೇಳಿ ಹೋಗ್ಯಾರ್ರಿ.’

ಯಾರೂ ಮಾತಾಡಲಿಲ್ಲ. ತರಗತಿಯಲ್ಲಿ ಕೆಲವರು ಆ ಹುಡುಗಿಯ ಜೊತೆ ಸಂಜೆ ಆಡಲು ಹೋಗುತ್ತಿರಲಿಲ್ಲ, ಅವರವ್ವ ದೆವ್ವದ ಮನೆಗೆ ಹೋಗಿಬರುತ್ತಾಳೆ ಎಂಬ ಕಾರಣಕ್ಕೆ, ಎಂದು ನಮಗೆ ಆಮೇಲೆ ತರಗತಿ ಶಿಕ್ಷಕರಿಂದ ತಿಳಿಯಿತು. ಆ ಹೊತ್ತಿಗೆ ಪ್ರಶಿಕ್ಷಣಾರ್ಥಿಗೆ ಅದು ಗೊತ್ತಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ಹಲಗೆಯ ಕಡೆ ತಿರುಗಿ, ಮೊದಲ ಅಂಕಣದಲ್ಲಿ ‘ಅಮಾವಾಸ್ಯೆಯ ದೀಪ’ ಎಂದು ಬರೆದು, ಅದರ ಮುಂದೆ ‘ಹಚ್ಚಿದವರು: ಮನೆ ನೋಡಿಕೊಳ್ಳುವವರು’ ಎಂದು ಬರೆದು, ಬ್ಯಾರಿಮೋರ್‌ನ ಮೇಣದ ಬತ್ತಿಗೆ ಮರಳಿದರು. ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಲಿಲ್ಲ, ಶಹಬ್ಬಾಸ್ ಹೇಳಲಿಲ್ಲ, ಉಳಿದವರಿಗೆ ಬುದ್ಧಿ ಹೇಳಲಿಲ್ಲ. ಅವಲೋಕನ ಪತ್ರದಲ್ಲಿ ‘ಪುನರ್ಬಲನ ಕೌಶಲ’ ಎಂಬ ಸಾಲಿದೆ. ಅದರಂತೆ ನೋಡಿದರೆ ಇಲ್ಲಿ ಅಂಕ ಕಡಿಮೆ ಬೀಳಬೇಕು. ನಾನು ಪೂರ್ಣ ಅಂಕ ಕೊಟ್ಟೆ. ಆ ಹುಡುಗಿಗೆ ಬೇಕಾಗಿದ್ದುದು ಹೊಗಳಿಕೆಯಲ್ಲ, ತನ್ನ ಮಾತು ಇತರರ ಮಾತಿನಂತೆಯೇ ಹಲಗೆಯ ಮೇಲೆ ಒಂದು ಸಾಲಾಗುವುದು.

ನಾಲ್ಕನೆಯ ಅವಧಿಯಲ್ಲಿ ಬಿಡಿಸುವಿಕೆ. ನಾಯಿ ಬರುತ್ತದೆ, ಗುಂಡಿಗೆ ಬೀಳುತ್ತದೆ, ಸ್ಟೇಪಲ್‌ಟನ್ ಹುದಲಿನತ್ತ ಓಡಿಹೋಗಿ ಮತ್ತೆ ಕಾಣುವುದಿಲ್ಲ. ಇದನ್ನು ಬೇಗ ಓದಿಸಿ, ಉಳಿದ ಸಮಯವನ್ನು ಒಂದೇ ಪ್ರಶ್ನೆಗೆ ಇಡಬೇಕು: ಶಾಪದ ಕಥೆಯನ್ನು ಊರು ನಂಬಿದ್ದರಿಂದ ಯಾರಿಗೆ ಲಾಭವಾಯಿತು? ಸ್ಟೇಪಲ್‌ಟನ್ ಆ ಕಥೆಯನ್ನು ಹುಟ್ಟಿಸಲಿಲ್ಲ. ಅದು ಸಿದ್ಧವಾಗಿ ಬಿದ್ದಿತ್ತು, ಎತ್ತಿಕೊಂಡ. ಸರ್ ಚಾರ್ಲ್ಸ್‌ನನ್ನು ನಾಯಿ ಕಚ್ಚಲೂ ಇಲ್ಲ. ದುರ್ಬಲ ಹೃದಯದವನು ಹೆದರಿ ಓಡಿ ಬಿದ್ದು ಸತ್ತ. ಮಡ್ಡಿಯಲ್ಲಿ ಅಡಗಿದ್ದ ಆ ತಮ್ಮನೂ ಹೆನ್ರಿಯ ಹಳೆಯ ಬಟ್ಟೆ ಹಾಕಿಕೊಂಡಿದ್ದರಿಂದ ನಾಯಿ ಬೆನ್ನಟ್ಟಿ, ಬಂಡೆಯಿಂದ ಬಿದ್ದು ಸತ್ತ. ದೆವ್ವ ಇರಲಿಲ್ಲ, ಭಯವಂತೂ ನಿಜವಾಗಿಯೇ ಇತ್ತು, ಸಾವೂ ನಿಜ. ಹೀಗೆ ಹೇಳಿದಾಗ ಹೆದರುವ ಮಗುವಿಗೆ ಅವಮಾನವಾಗುವುದಿಲ್ಲ. ‘ದೆವ್ವಗಿವ್ವ ಏನೂ ಇಲ್ಲ, ಹೆದರುವವರು ಹೇಡಿಗಳು’ ಎನ್ನುವ ಪಾಠದಲ್ಲಿ ಆಗುತ್ತದೆ.

ಲಾಭದ ಪ್ರಶ್ನೆಯನ್ನು ಡೆವನ್ನಿನಲ್ಲಿ ಕೇಳಿದರೂ ಮಕ್ಕಳು ಮನೆಗೆ ಒಯ್ಯುತ್ತಾರೆ. ನಮ್ಮ ಸೀಮೆಯ ಎಷ್ಟೋ ವಾಡೆಗಳ ವಾರಸುದಾರರು ಪುಣೆ, ಸೊಲ್ಲಾಪುರ, ಬೆಂಗಳೂರು ಸೇರಿದ್ದಾರೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವರಿಗೆ ಹೊಲ ಬಂತು, ಹೊಲ ಹೋದ ಮೇಲೆ ಅಷ್ಟು ದೊಡ್ಡ ಮನೆಯನ್ನು ನಡೆಸುವುದು ಕಷ್ಟವಾಯಿತು. ಹತ್ತು ಪಾಲಾದ ಮನೆಗೆ ಮಾಳಿಗೆಯ ಮಣ್ಣು ಹಾಕಿಸುವವರಿಲ್ಲ. ಖಾಲಿ ಮನೆಯ ಬಗ್ಗೆ ಕಥೆ ಹುಟ್ಟುವುದು ಸಹಜ. ಆದರೆ ದೆವ್ವದ ಮನೆಯ ಜಾಗ ಅಗ್ಗ, ಅದರ ಸಾಗವಾನಿ ಕಂಬ, ತೊಲೆಗಳು ಮಾತ್ರ ಅಗ್ಗವಲ್ಲ. ಇದನ್ನು ಪ್ರಶಿಕ್ಷಣಾರ್ಥಿ ತರಗತಿಯಲ್ಲಿ ಹೇಳಬಾರದು. ಮಗುವೇ ಹೇಳಿದರೆ, ಯಾವ ಮನೆ, ಯಾವ ಓಣಿ ಎಂಬ ಕಡೆ ಮಾತು ಹೋಗದಂತೆ ನೋಡಿಕೊಂಡರೆ ಸಾಕು.

ಶಿಕ್ಷಕರ ತಿಳಿವಳಿಕೆಗೆ ಮಾತ್ರ ಇನ್ನೊಂದು ಸಂಗತಿ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯದೆಯನ್ನು ಕರ್ನಾಟಕ 2017ರಲ್ಲಿ ಮಾಡಿ, 2020ರ ಜನವರಿಯಲ್ಲಿ ಜಾರಿಗೆ ತಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಅದರಂತೆ ಅಪರಾಧ. ತರಗತಿಯಲ್ಲಿ ಯಾವುದಾದರೂ ಮಗು ತನ್ನ ಮನೆಯಲ್ಲಿ ಅಂಥದ್ದು ನಡೆದಿದೆ ಎಂದು ಹೇಳಿದರೆ ಅದನ್ನು ಚರ್ಚೆಗೆ ಎತ್ತಿಕೊಳ್ಳದೆ, ಅವಧಿ ಮುಗಿದ ಮೇಲೆ ಮುಖ್ಯಗುರುಗಳಿಗೆ ತಿಳಿಸುವುದು ಸರಿಯಾದ ಕ್ರಮ. ಮತ್ತು ಈ ಪಾಠವನ್ನು ಯಾರ ದೇವರ ಕಡೆಗೂ ತಿರುಗಿಸಬಾರದು. ಹೊರ್ತಿಯ ರೇವಣಸಿದ್ಧೇಶ್ವರನಿಗೆ ನಡೆದುಕೊಳ್ಳುವ ಮನೆಯ ಮಕ್ಕಳು ಆ ತರಗತಿಯಲ್ಲಿ ಕುಳಿತಿರುತ್ತಾರೆ. ವಾಡೆಯ ವದಂತಿ ಬೇರೆ, ಮನೆಯ ಭಕ್ತಿ ಬೇರೆ. ಎರಡನ್ನೂ ಒಂದೇ ಕೋಲಿನಿಂದ ಹೊಡೆಯಲು ಹೊರಟ ಪಾಠ ಮರುದಿನ ಪಾಲಕರ ದೂರಿನಲ್ಲಿ ಮುಗಿಯುತ್ತದೆ, ಮಕ್ಕಳೂ ಕಿವಿ ಮುಚ್ಚಿಕೊಳ್ಳುತ್ತಾರೆ.

ಕ್ಷೇತ್ರಭೇಟಿ ಎಂದು ಮಕ್ಕಳನ್ನು ಹಾಳು ವಾಡೆಗೆ ಕರೆದೊಯ್ಯುವ ಯೋಚನೆ ಕೆಲವು ಪಾಠಯೋಜನೆಗಳಲ್ಲಿ ಕಂಡಿದೆ. ಬೇಡ. ಜಂತಿ ಕುಸಿಯುತ್ತವೆ, ಹಾವು ಚೇಳು ಇರುತ್ತವೆ, ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿ ಇಳಿದವರ ಉಸಿರು ಕಟ್ಟುತ್ತದೆ. ವಾಡೆಯಲ್ಲಿ ನಿಜವಾಗಿ ಹೆದರಬೇಕಾದವು ಇವೇ. ಬದಲಿಗೆ ವಾಡೆಯಲ್ಲಿ ದುಡಿದ ಇಲ್ಲವೇ ಬಾಳಿದ ಹಿರಿಯರೊಬ್ಬರನ್ನು ತರಗತಿಗೇ ಕರೆಯಬಹುದು. ಹಗೇವಿಗೆ ಜೋಳ ಹೇಗೆ ತುಂಬುತ್ತಿದ್ದರು, ದಿಡ್ಡಿ ಬಾಗಿಲು ಯಾವಾಗ ಮುಚ್ಚುತ್ತಿದ್ದರು ಎಂದು ಮಕ್ಕಳು ಕೇಳಲಿ.

ಪ್ರಶಿಕ್ಷಣಾರ್ಥಿಗಳು ತಮ್ಮ ಓದಿಗೆ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982) ಕಾದಂಬರಿಯನ್ನು ಇದರ ಜೊತೆಗಿಟ್ಟು ನೋಡಬೇಕು. ಒಂಬತ್ತನೆಯ ತರಗತಿಗೆ ಹೇಳುವಂಥದಲ್ಲ. ಆದರೆ ನಮ್ಮ ಉತ್ತರ ಕರ್ನಾಟಕದ ದೇಸಗತಿಯ ಮನೆ ಒಳಗಿನಿಂದ ಕುಸಿಯುವುದನ್ನು ಅಲ್ಲಿ ಕಾಣಬಹುದು, ಅದೂ ಒಡತಿಯ ಜೊತೆಗೆ ಬಾಳಿದ ಆಳುಮಗಳ ಮಾತಿನಲ್ಲಿ. ಡಾಯ್ಲ್‌ನ ಕಾದಂಬರಿಯಲ್ಲಿ ಬ್ಯಾರಿಮೋರ್‌ನ ಹೆಂಡತಿಗೆ ಕೆಲವೇ ಮಾತು, ಉಳಿದದ್ದು ಬಿಕ್ಕು. ಕಂಬಾರರು ಅಂಥವಳ ಕೈಗೆ ಕಥೆಯನ್ನೇ ಕೊಟ್ಟಿದ್ದಾರೆ.

ಮೌಲ್ಯಮಾಪನದ ಬಗ್ಗೆ ಎರಡು ಮಾತು. ‘ಸರ್ ಚಾರ್ಲ್ಸ್ ಹೇಗೆ ಸತ್ತನು?’, ‘ಹೋಮ್ಸ್‌ನ ಗೆಳೆಯನ ಹೆಸರೇನು?’ ಎಂಬಂಥ ಪ್ರಶ್ನೆಗಳು ನೆನಪನ್ನು ಅಳೆಯುತ್ತವೆ, ಅವು ಎರಡಕ್ಕಿಂತ ಹೆಚ್ಚು ಬೇಡ. ನಾವು ಒಂದು ಹೊಸ ಪರಿಚ್ಛೇದ ಬರೆದು ಕೊಟ್ಟೆವು. ಹಾಳು ಗಿರಣಿಯೊಂದರಲ್ಲಿ ರಾತ್ರಿ ಸದ್ದು, ನಾಲ್ವರ ನಾಲ್ಕು ಮಾತು, ಬಾಗಿಲಿಗೆ ಹೊಸ ಕೀಲಿ. ಅದನ್ನು ಮೂರು ಅಂಕಣಕ್ಕೆ ಹಂಚಿ, ಇನ್ನೂ ಏನು ತಿಳಿಯಬೇಕು ಎಂಬುದಕ್ಕೆ ಎರಡು ಪ್ರಶ್ನೆ ಬರೆಯಬೇಕು. ಪತ್ತೆ ಹಚ್ಚಿ ಎಂದು ಕೇಳಲಿಲ್ಲ, ಏಕೆಂದರೆ ಪರಿಚ್ಛೇದದಲ್ಲಿ ಅದಕ್ಕೆ ಬೇಕಾದಷ್ಟು ಇರಲಿಲ್ಲ. ಹಾಗಿದ್ದೂ ಅರ್ಧದಷ್ಟು ಮಕ್ಕಳು ಕಳ್ಳನ ಹೆಸರು ಬರೆದಿದ್ದರು. ಅವರಿಗೆ ಅಂಕ ಕಳೆಯದೆ, ಆ ಉತ್ತರವನ್ನು ಮೂರನೆಯ ಅಂಕಣಕ್ಕೆ ಸೇರಿಸಿ ಮತ್ತೆ ಬರೆದು ತರಲು ಹೇಳಿ ಹಾಳೆಗಳನ್ನು ಮರಳಿಸಿದ್ದೇವೆ. ಕೀಲಿ ಯಾರ ಕೈಯಲ್ಲಿದೆ, ಅದನ್ನು ಕೊಂಡದ್ದು ಯಾವ ಅಂಗಡಿಯಲ್ಲಿ ಎಂದು ಏಳು ಮಕ್ಕಳು ಕೇಳಿದ್ದರು. ಆ ಏಳು ಹಾಳೆಗಳನ್ನು ಮಹಾವಿದ್ಯಾಲಯದ ಪಾಠೋಪಕರಣ ಕೋಣೆಯಲ್ಲಿ, ಎಂಟು ಪುಟದ ಸಂಗ್ರಹದ ಜೊತೆಗೆ ಇಟ್ಟಿದೆ. ಮುಂದಿನ ತಂಡದವರು ನೋಡಬಹುದು.